ಅಧ್ಯಕ್ಷರ ಬಾಗಿಲ ಹೊರಗಿನ ಮೇಜು

ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಹಾದಿಯಲ್ಲಿರುವ ಪೀರನವಾಡಿಯು ಇಂದು ವಿದ್ಯಾರ್ಥಿಗಳು ದಿನವೂ ಹಾಯುವ ಹೆಬ್ಬಾಗಿಲಾಗಿದೆ. ನೆರೆಯ ಮಚ್ಛೆಯಲ್ಲಿಯೇ, 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಮುಖ್ಯ ಕಚೇರಿಯಿದೆ. ಇಲ್ಲಿಯ ಕಾಲೇಜುಗಳ ಕಟ್ಟಡಗಳನ್ನು ಎಲ್ಲರೂ ಕೊಂಡಾಡುವರು. ಆದರೆ ಅಧ್ಯಕ್ಷರ ಕೋಣೆಯ ಹೊರಗೆ ಮೇಜಿನ ಮುಂದೆ ಕುಳಿತ ಆಪ್ತ ಸಹಾಯಕನ ವಿಚಾರವನ್ನು ಎಷ್ಟು ಜನ ಮಾಡಿರುವರು?

ಆವಕ-ಜಾವಕ ಪುಸ್ತಕ ಆತನ ಕೈಯಲ್ಲಿ. ಆಡಳಿತ ಮಂಡಳಿಯ ವಿಷಯಪಟ್ಟಿ, ನಡಾವಳಿ ಆತನ ಬರವಣಿಗೆ. ಯಾರ ಭೇಟಿ ಇಂದು, ಯಾವ ಕಾಗದ ಮೊದಲು ಎಂಬ ನಿರ್ಣಯವೂ ಬಹುಮಟ್ಟಿಗೆ ಆತನದೇ. ವಿದ್ಯಾರ್ಥಿವೇತನದ ಒಂದು ಅರ್ಜಿ ಸಹಿಯಿಲ್ಲದೆ ಆ ಮೇಜಿನ ಮೇಲೆ ಉಳಿದರೆ ಬಡ ಹುಡುಗನೊಬ್ಬನ ವರ್ಷವೇ ಹಾಳಾಗಬಹುದು. ಹೊಣೆ ಇಷ್ಟು ದೊಡ್ಡದಿದ್ದರೂ ಅನೇಕ ಕಡೆಗಳಲ್ಲಿ ಇವನ ನೌಕರಿ ಗುತ್ತಿಗೆಯದು. ಮನೆಗೆಲಸದ ಚಾಕರಿ ಬೇರೆ.

ಖಾನಾಪುರದ ಕಾಡಂಚಿನ ರೈತನು ಮಗಳ ದಾಖಲೆಗಾಗಿ ಬಂದು, ಇಂಗ್ಲಿಷಿನ ಸೂಚನೆಯ ಮುಂದೆ ಕಕ್ಕಾಬಿಕ್ಕಿಯಾಗಿ ನಿಂತಾಗ ಆತನಿಗೆ ಕಾಲೇಜೆಂದರೆ ಈ ಸಹಾಯಕನೊಬ್ಬನೇ. 1963ರ ಕಾಯಿದೆಯಿಂದ ಕನ್ನಡವು ನಮ್ಮ ರಾಜ್ಯದ ಆಡಳಿತಭಾಷೆಯಾಯಿತು. ಖಾಸಗಿ ಕಾಲೇಜಿಗೆ ಅದು ಅನ್ವಯಿಸುವುದೋ ಇಲ್ಲವೋ ಎಂಬ ವಕೀಲರ ವಾದ ಇಲ್ಲಿ ಬೇಡ. ನಾಡಿನ ಮಕ್ಕಳಿಗೆ ಕಲಿಸುವ ಸಂಸ್ಥೆಯು ಅವರ ತಂದೆ-ತಾಯಿಗಳೊಡನೆ ನಾಡಿನ ಮಾತಿನಲ್ಲಿ ವ್ಯವಹರಿಸುವುದು ಧರ್ಮ. ಮರಾಠಿ ಮಾತಾಡುವವನಿಗೆ ಮರಾಠಿಯಲ್ಲಿಯೂ ತಿಳಿಹೇಳಿದರೆ ಕನ್ನಡಕ್ಕೆ ಕುಂದಿಲ್ಲ. 2020ರ ಆಗಸ್ಟಿನಲ್ಲಿ ಇದೇ ಪೀರನವಾಡಿಯಲ್ಲಿ ಸಂಗೊಳ್ಳಿ ರಾಯಣ್ಣನ ಪ್ರತಿಮೆಯ ಬಗ್ಗೆ ತಂಟೆಯೆದ್ದಾಗ ಉಭಯ ಭಾಷಿಕರು ಕೂಡಿ ಮಾತಾಡಿ ಅದನ್ನು ಬಗೆಹರಿಸಿಕೊಂಡರಲ್ಲವೆ? ಆದರೆ ಭಾಷೆಯ ಮಾನವು ವೃತ್ತದಲ್ಲಿ ಮಾತ್ರವಲ್ಲ, ಕಚೇರಿಯ ಮೇಜಿನ ಮೇಲೆಯೂ ಇದೆ.

ಈ ಕೆಲಸವನ್ನು ಕೀಳೆಂದು ಬಗೆಯುವವರು ಒಂದು ಮಾತನ್ನು ನೆನೆಯಲಿ. ಪೀರನವಾಡಿಗೆ ಕೆಲವೇ ಮೈಲು ಈಚೆಗಿನ ಟಿಳಕವಾಡಿಯಲ್ಲಿ 1924ರಲ್ಲಿ ನೆರೆದ ಕಾಂಗ್ರೆಸ್ಸಿಗೆ ಗಾಂಧೀಜಿಯವರು ಅಧ್ಯಕ್ಷರಾಗಿದ್ದರು. ಆ ಮಹಾತ್ಮರ ಕಾರ್ಯದರ್ಶಿ ಮಹಾದೇವ ದೇಸಾಯಿಯವರು 1917ರಿಂದ, 1942ರಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಕಣ್ಣುಮುಚ್ಚುವವರೆಗೆ, ಪತ್ರ ಬರೆಯುವ, ದಿನಚರಿ ಇಡುವ ಕೆಲಸವನ್ನೇ ದೇಶಸೇವೆಯನ್ನಾಗಿ ಮಾಡಿದರು. ಎಲ್ಲ ಸಹಾಯಕರೂ ಮಹಾದೇವರಾಗಲಾರರು, ಎಲ್ಲ ಅಧ್ಯಕ್ಷರೂ ಗಾಂಧಿಯಾಗಲಾರರು, ನಿಜ. ಆದರೆ ವಿಶ್ವಾಸವಿಟ್ಟಲ್ಲಿ ನಿಷ್ಠೆ ಬೆಳೆಯುವುದೆಂಬುದು ಎಲ್ಲರಿಗೂ ಅನ್ವಯಿಸುವ ಮಾತು.

ಆದುದರಿಂದ ಆಡಳಿತ ಮಂಡಳಿಗಳಿಗೆ ನಮ್ಮ ವಿನಂತಿಯಿಷ್ಟೇ: ಈ ಹುದ್ದೆಯನ್ನು ಖಾಯಂ ಮಾಡಿರಿ, ಕರ್ತವ್ಯಗಳನ್ನು ಬರೆದು ಕೊಡಿರಿ, ಹೊಣೆಗೆ ತಕ್ಕ ಸಂಬಳ ಕೊಡಿರಿ, ಜನರಿಗೆ ಹೋಗುವ ಪ್ರತಿಯೊಂದು ಕಾಗದವೂ ಕನ್ನಡದಲ್ಲಿರಲಿ. ಸಹಾಯಕರಿಗೂ ಒಂದು ಮಾತು: ಅಧ್ಯಕ್ಷರ ಬಾಗಿಲು ಕಾಯುವುದೆಂದರೆ ಅದನ್ನು ಮುಚ್ಚಿಡುವುದಲ್ಲ; ಬಡವನಿಗೆ ಅದನ್ನು ತೆರೆದಿಡುವುದು.