ಸಂದು ಬಿಟ್ಟುದು ಹುಡುಗನ ತಪ್ಪೆ?



ಕಳೆದ ತಿಂಗಳು ಸಂಘದ ಕೆಲಸಕ್ಕಾಗಿ ವಿಜಯವಾಡಕ್ಕೆ ಹೋಗಿದ್ದೆನು. ಅಲ್ಲಿ ನಮ್ಮ ಕಡೆಯವರದೇ ಒಂದು ಹೋಟೆಲು. ಹಳೆಯ ಕಟ್ಟಡ, ಮಹಡಿಗೆ ಮರದ ತೊಲೆ, ಜಂತಿ, ಹಲಗೆ. ಅದರ ಮೇಲೆಯೇ ಹೊಳೆಯುವ ಟೈಲು ಹಾಸಿ ಫ್ಯಾಮಿಲಿ ರೂಮು ಮಾಡಿದ್ದಾರೆ. ಟೈಲುಗಳ ನಡುವಣ ಸಂದಿಗೆ ತುಂಬಿದ ಸಿಮೆಂಟು, ಮೇಸ್ತ್ರಿಗಳು ಗ್ರೌಟು ಎನ್ನುತ್ತಾರಲ್ಲ, ಅದು ಬಿರುಕು ಬಿಟ್ಟು ಪುಡಿಪುಡಿಯಾಗಿ ಏಳುತ್ತಿತ್ತು. ನೆಲ ಒರಸುವ ಹುಡುಗ ಕುಂದಾಪುರದ ಕಡೆಯವನು. ನೀರು ಸುರಿಸುರಿದು ಅವನೇ ಹಾಳುಮಾಡಿದನೆಂದು ಹೇಳಿ ಅವನ ಸಂಬಳದಲ್ಲಿ 600 ರೂಪಾಯಿ ಹಿಡಿದರು.

“ಅಣ್ಣಾ, ನಾನು ಬರುವುದಕ್ಕೆ ಮೊದಲೇ ಮೂರು ಸಲ ಮೆತ್ತಿದ್ದರಂತೆ” ಎಂದನು ಹುಡುಗ.

ಮೂರು ಸಲ ಮೆತ್ತಿದರೂ ನಿಲ್ಲದ್ದು ಒರಸುವ ಬಟ್ಟೆಯಿಂದ ಕೆಟ್ಟಿತೆ? ನಾನೂ ಹತ್ತು ವರ್ಷ ನೆಲ ಒರಸಿದವನು. ದೋಷ ಮೇಲಿಲ್ಲ, ಕೆಳಗಿದೆ. ಮರ ಬಾಗುತ್ತದೆ, ಸಿಮೆಂಟು ಬಾಗದು. ನಾಲ್ಕು ಜನ ಒಟ್ಟಿಗೆ ನಡೆದರೆ ಜಂತಿ ತುಸು ತಗ್ಗುತ್ತದೆ, ಟೈಲು ಅಲುಗುತ್ತದೆ, ನಡುವಿನ ಸಂದು ಒಡೆಯುತ್ತದೆ. ಮಗ್ಗದ ಅದುರಾಟ ಕಂಡ ಗಿರಣಿ ಬಾಂಧವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹತ್ತು ಅಡಿಯ ಜಂತಿ ಭಾರ ಬಿದ್ದಾಗ ನಡುವೆ ಅಂಗುಲದ ಮೂರನೆಯ ಒಂದು ಪಾಲಿಗಿಂತ ಹೆಚ್ಚು ತಗ್ಗಬಾರದೆಂಬುದು ಟೈಲು ಕೆಲಸದವರ ಲೆಕ್ಕ. ಕಲ್ಲಿನ ಹಾಸಾದರೆ ಅದರಲ್ಲಿ ಅರ್ಧ ಮಾತ್ರ.

ಇದಲ್ಲದೆ ಹವೆಯ ಕಾಟ. ವಿಶಾಖಪಟ್ಟಣದಲ್ಲಿ ಕಡಲ ಗಾಳಿಯ ತೇವವನ್ನು ಹೀರಿ ಹಲಗೆ ಅಡ್ಡಕ್ಕೆ ಹಿಗ್ಗುತ್ತದೆ. ವಿಜಯವಾಡದ ಮೇ ತಿಂಗಳ ಉರಿಗೆ ಕುಗ್ಗಿ, ಮಳೆ ಬಂದೊಡನೆ ಮತ್ತೆ ಹಿಗ್ಗುತ್ತದೆ. ನಮ್ಮೂರಿನ ಹಳೆಯ ಮನೆಗಳ ಅಟ್ಟದಲ್ಲಿಯೂ ಹಲಗೆಯೇ ಇತ್ತು. ಆದರೆ ಅದರ ಮೇಲೆ ಹಾಕುತ್ತಿದ್ದುದು ಮಣ್ಣು. ಬಿರಿದರೆ ಸೆಗಣಿ ಸಾರಿಸಿದರಾಯಿತು, ಯಾರ ಕೂಲಿಯನ್ನೂ ಹಿಡಿಯುತ್ತಿರಲಿಲ್ಲ!

ಹಾಗಾದರೆ ರಿಪೇರಿ ಹೇಗೆ? ಮೊದಲು ಕರೆಯಬೇಕಾದವನು ಬಡಗಿ, ಗಾರೆಯವನಲ್ಲ. ಅವನು ಕೆಳಗಿನಿಂದ ನೋಡಿ ಕೊಳೆತ ಜಂತಿಯನ್ನು ಬದಲಿಸಬೇಕು, ಸಣ್ಣದಿದ್ದರೆ ಪಕ್ಕಕ್ಕೆ ಇನ್ನೊಂದು ಜೋಡಿಸಬೇಕು, ನಡುನಡುವೆ ಅಡ್ಡಮರ ಕೊಡಬೇಕು. ಟೈಲು ಬರಿಯ ಹಲಗೆಗೇ ಅಂಟಿದ್ದು, ಬಡಿದರೆ ಟೊಳ್ಳು ಸದ್ದು ಬರುತ್ತಿದ್ದರೆ, ಅದನ್ನು ಎಬ್ಬಿಸಿ ನಡುವೆ ಸಿಮೆಂಟು ಬೋರ್ಡನ್ನು ಗಾರೆಯ ಮೇಲೆ ಕೂರಿಸಿ ಸ್ಕ್ರೂ ಬಿಗಿಯದೆ ಗತ್ಯಂತರವಿಲ್ಲ. ಟೈಲು ಗಟ್ಟಿಯಿದ್ದು ಸಂದು ಮಾತ್ರ ಕೆಟ್ಟಿದ್ದರೆ, ಹಳೆಯ ಗ್ರೌಟನ್ನು ಟೈಲಿನ ದಪ್ಪದ ಮೂರರಲ್ಲಿ ಎರಡು ಪಾಲಿನಷ್ಟಾದರೂ ಆಳಕ್ಕೆ ಕೆರೆದು ತೆಗೆದು ಹೊಸದನ್ನು ತುಂಬಬೇಕು. ಬಿರುಕಿನ ಮೇಲೆಯೇ ತೆಳ್ಳಗೆ ಬಳಿದರೆ ಅದು ಬೇಗನೆ ಚಕ್ಕೆಯೇಳುತ್ತದೆ. ಗೋಡೆಗೆ ನೆಲ ಕೂಡುವಲ್ಲಿ ಸಿಮೆಂಟು ತುಂಬಲೇ ಕೂಡದು. ಅಲ್ಲಿ ಕಾಲು ಅಂಗುಲ ಬಿಟ್ಟು ರಬ್ಬರಿನಂತೆ ಎಳೆಯುವ ಸಿಲಿಕೋನು ಹಾಕಬೇಕು. ಕೆರೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೇಡು. ಹತ್ತಿಯ ಧೂಳು ನುಂಗಿದ ಗಿರಣಿಯವರು ಬಲ್ಲರು. ನೀರು ಚಿಮುಕಿಸಿ, ಮೂಗಿಗೆ ಮುಸುಕು ಹಾಕಿ ಮಾಡಲಿ. ಇದು ಮೇಸ್ತ್ರಿಯ ಕೆಲಸ, ಮಧ್ಯಾಹ್ನ ಊಟದ ರಶ್ಶು ಮುಗಿದ ಮೇಲೆ ಕ್ಲೀನರ್ ಹುಡುಗನ ಕೈಗೆ ಮೊಳೆ ಕೊಟ್ಟು ಕೆರೆಸುವುದಲ್ಲ.

ಹೊಸ ಗ್ರೌಟಿನ ಮೇಲೆ ಒಂದು ದಿನ ಯಾರೂ ನಡೆಯಬಾರದು, ಇನ್ನೆರಡು ದಿನ ನೀರು ಸುರಿಯಬಾರದು. ಧಣಿಗಳಿಗೆ ಕಷ್ಟವಾಗುವುದು ಇಲ್ಲಿಯೇ. ರೂಮು ಮುಚ್ಚಿದರೆ ವ್ಯಾಪಾರ ಹೋಗುತ್ತದೆ. ಆದುದರಿಂದ ರಾತ್ರಿ ಹನ್ನೊಂದಕ್ಕೆ ಮೆತ್ತಿ ಬೆಳಿಗ್ಗೆ ಆರಕ್ಕೆ ಇಡ್ಲಿ ಬಡಿಸುತ್ತಾರೆ. ಅವರ ಕಷ್ಟ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಕಿತ್ತುಹೋದ ಸಂದಿನಲ್ಲಿ ನೀರಿಳಿದು ಕೆಳಗಿನ ಮರ ಕೊಳೆತು, ಕುದಿಯುವ ಸಾಂಬಾರಿನ ಬಕೆಟ್ಟು ಹಿಡಿದ ಸಪ್ಲೈಯರು ಎದ್ದ ಟೈಲಿಗೆ ಎಡವಿದರೆ ಆ ಲೆಕ್ಕ ಯಾರ ಖಾತೆಗೆ? ಮುಚ್ಚಿದ ಮೂರು ದಿನಕ್ಕೂ ಮಹಡಿಯ ಹುಡುಗರಿಗೆ ಸಂಬಳ ಕೊಡಬೇಕೆಂದು ಮೊದಲೇ ಮಾತಾಡಿಕೊಳ್ಳಿರಿ.

ಸಂಬಳ ಹಿಡಿಯುವ ವಿಷಯ. ನಷ್ಟಕ್ಕಾಗಿ ಕೂಲಿ ಮುರಿಯಬೇಕಾದರೆ ಆ ನಷ್ಟ ಕೆಲಸಗಾರನ ಅಲಕ್ಷ್ಯದಿಂದಲೇ ಆಗಿರಬೇಕು, ಮುರಿಯುವ ಮೊದಲು ಅವನ ಸಮಜಾಯಿಷಿ ಕೇಳಬೇಕು. 1936ರ ವೇತನ ಪಾವತಿ ಕಾಯಿದೆಯಲ್ಲಿ ಈ ಮಾತಿತ್ತು, 2019ರ ವೇತನ ಸಂಹಿತೆಯಲ್ಲಿಯೂ ಇದೆ. ಆ ಹುಡುಗನನ್ನು ಯಾರೂ ಏನೂ ಕೇಳಿರಲಿಲ್ಲ.

ನಾನು ಮಾಡಿದ್ದಿಷ್ಟು. ಗಲ್ಲಾದವರನ್ನೇ ಮಹಡಿಗೆ ಕರೆದು, ನೆಲದ ಮೇಲೆ ತುಂಬಿದ ನೀರಿನ ಲೋಟವಿಟ್ಟು, ಇಬ್ಬರು ಸಪ್ಲೈಯರುಗಳನ್ನು ಪಕ್ಕದಲ್ಲಿ ನಡೆಸಿದೆನು. ನೀರು ತುಳುಕಿ ಟೈಲಿನ ಮೇಲೆ ಚೆಲ್ಲಿತು. ಅವರು ಒಂದು ಗಳಿಗೆ ನೋಡಿ, ಏನೂ ಹೇಳದೆ ಕೆಳಗಿಳಿದರು.

ಮೊನ್ನೆ ಹುಡುಗ ಫೋನು ಮಾಡಿದ್ದನು. ಬಡಗಿ ಬಂದು ಜಂತಿಗಳನ್ನು ಅಳೆದುಕೊಂಡು ಹೋದನಂತೆ. 600 ರೂಪಾಯಿ ಇನ್ನೂ ಬಂದಿಲ್ಲ. ಸಂಘದಿಂದ ಪತ್ರ ಹೋಗಿದೆ.