ಎರಡಡಿ ಗಾಜಿನ ಮನೆ: ಯಾರ ಜೊತೆ ಯಾರು?

ಪುಟಾಣಿಗಳೇ, ಪುಟಾಣಿಗಳ ಅಜ್ಜ-ಅಜ್ಜಿಯರೇ, ಈ ವಾರ ಮೀನಿನ ಮಾತು. ನಮ್ಮ ಓಣಿಯ ಆರನೇ ತರಗತಿಯ ಹುಡುಗಿಯೊಬ್ಬಳು ಬಂದು, “ಅಜ್ಜಾರ, ನಾಕು ಟೈಗರ್ ಬಾರ್ಬ್ ತಂದೀವ್ರಿ. ತೊಟ್ಟಿ ಎರಡು ಅಡೀದು. ಅಪ್ಪಾರು ಒಂದು ಜೋಡಿ ಏಂಜೆಲ್ ಕೊಡಸ್ತೀನಿ ಅಂದಾರ. ಬಿಡಬಹುದೇನ್ರಿ?” ಎಂದು ಕೇಳಿದಳು. “ಬ್ಯಾಡವ್ವ” ಎಂದೆ. ಮುಖ ಸಣ್ಣದು ಮಾಡಿಕೊಂಡಳು. ಬೇಡ ಎಂದ ಮೇಲೆ ಕಾರಣ ಹೇಳಬೇಕಲ್ಲ.

ಟೈಗರ್ ಬಾರ್ಬ್ ಸುಮಾತ್ರಾ, ಬೋರ್ನಿಯೊ ಕಡೆಯ ಮೀನು. ಬೆರಳುದ್ದದ ಮೈ, ಹಳದಿ ಮೇಲೆ ನಾಲ್ಕು ಕಪ್ಪು ಪಟ್ಟೆ, ಒಂದು ಕ್ಷಣ ನಿಂತಲ್ಲಿ ನಿಲ್ಲುವುದಿಲ್ಲ. ಏಂಜೆಲ್ ದೂರದ ಅಮೆಜಾನ್ ನದಿಯದು. ಅದಕ್ಕೆ ಸೆರಗಿನಂಥ ಉದ್ದನೆಯ ರೆಕ್ಕೆಗಳು, ನಡೆ ನಿಧಾನ. ಟೈಗರಿಗೆ ಜೋತಾಡುವುದನ್ನು ಕಂಡರೆ ಕಚ್ಚುವ ಚಟ. ಒಂದು ಕಚ್ಚಿದರೆ ಉಳಿದವೂ ಬರುತ್ತವೆ. ವಾರದಲ್ಲಿ ಏಂಜೆಲ್‌ನ ರೆಕ್ಕೆ ಹರಿದ ಬಾವುಟದಂತಾಗುತ್ತದೆ. ಹರಿದ ಜಾಗಕ್ಕೆ ಬೂಷ್ಟು ಹತ್ತುತ್ತದೆ, ಅದು ಮೂಲೆ ಹಿಡಿದು ಊಟ ಬಿಡುತ್ತದೆ, ಕೊನೆಗೊಂದು ಬೆಳಿಗ್ಗೆ ತೇಲುತ್ತದೆ. ಫೈಟರ್, ಗಪ್ಪಿ, ಮೀಸೆಯಂಥ ಎಳೆಗಳಿರುವ ಗೌರಾಮಿ, ಗೋಲ್ಡ್ ಫಿಶ್ ಇವಕ್ಕೂ ಟೈಗರ್ ಜೊತೆ ಇದೇ ಗತಿ.

ಹಾಗಾದರೆ ಟೈಗರ್ ಕೆಟ್ಟ ಮೀನೇ? ಅಲ್ಲ. ಅದು ಗುಂಪಿನ ಮೀನು. ಗುಂಪು ಸಾಕಷ್ಟು ದೊಡ್ಡದಿದ್ದರೆ ಅವುಗಳ ಅಟ್ಟಾಡಿಸುವುದು, ಮುನಿಸು, ಯಜಮಾನಿಕೆ ಎಲ್ಲ ತಮ್ಮೊಳಗೇ ನಡೆಯುತ್ತದೆ. ಎರಡು ಮೂರೇ ಇದ್ದರೆ ಬಲವಾದದ್ದು ಬಡಪಾಯಿಯನ್ನು ಬಿಡುವುದಿಲ್ಲ, ಬೇರೆ ಮೀನುಗಳನ್ನೂ ಬಿಡುವುದಿಲ್ಲ. “ಜಗಳಗಂಟ ಮೀನು, ಎರಡೇ ಸಾಕು” ಎಂದು ದೊಡ್ಡವರು ಉಳಿತಾಯ ಮಾಡುವುದು ಇಲ್ಲಿ ತಿರುಗಿ ಹೊಡೆಯುತ್ತದೆ. ಆರಕ್ಕಿಂತ ಕಡಿಮೆ ಇಡಬಾರದು, ಎಂಟಿದ್ದರೆ ಒಳ್ಳೆಯದು.

ಈಗ ಲೆಕ್ಕ. ಬ್ಯಾಂಕಿನಲ್ಲಿ ವರ್ಷಗಟ್ಟಲೆ ಕೂಡಿಸಿ ಕಳೆದವನು, ಲೆಕ್ಕ ಬಿಟ್ಟರೆ ನಿದ್ದೆ ಬರದು. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರದ ತೊಟ್ಟಿ ಎಂದರೆ 2 ಘನ ಅಡಿ. ಸುಮಾರು 56 ಲೀಟರ್. ಮರಳು, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ ಮೀನಿಗೆ ಸಿಗುವುದು ಹತ್ತಿರ ಹತ್ತಿರ 45 ಲೀಟರ್. ಎಂಟು ಟೈಗರ್ ಬಿಟ್ಟರೆ ಖಾತೆ ಬಹುಪಾಲು ತುಂಬಿತು. ತಳಕ್ಕೆ ಒಂದು ಬ್ರಿಸಲ್‌ನೋಸ್ ಮೀನು ಬಿಡಬಹುದು. ಅದು ಪಾಚಿ ಕೆರೆಯುತ್ತದೆ, ಮೈಮೇಲೆ ಗಟ್ಟಿ ಕವಚವಿರುವುದರಿಂದ ಟೈಗರಿಗೆ ಹೆದರುವುದಿಲ್ಲ, ಗೇಣಿಗಿಂತ ಕಡಿಮೆಯಲ್ಲೇ ಬೆಳವಣಿಗೆ ನಿಲ್ಲಿಸುತ್ತದೆ. ಅಂಗಡಿಯಲ್ಲಿ ‘ಸಕ್ಕರ್’ ಎಂದು ಕೊಡುವ ಸಾಮಾನ್ಯ ಜಾತಿ ಒಂದು ಅಡಿ ಮೀರುತ್ತದೆ. ಎರಡಡಿ ತೊಟ್ಟಿಯಲ್ಲಿ ಅದು ತಿರುಗುವುದಾದರೂ ಹೇಗೆ? ‘ಶಾರ್ಕ್’ ಎಂಬ ಹೆಸರಿನಲ್ಲಿ ಬರುವ ಬೆಳ್ಳಿ ಬಣ್ಣದ ಮರಿ ಅದಕ್ಕಿಂತ ಕಷ್ಟ. ಎಷ್ಟೋ ಸಲ ಅದು ಆಂಧ್ರದ ಕೊಳಗಳಲ್ಲಿ ಊಟಕ್ಕೆ ಬೆಳೆಸುವ ಪಂಗಾಸಿಯಸ್, ಮನುಷ್ಯನ ಸೊಂಟದೆತ್ತರ ಬೆಳೆಯಬಲ್ಲದು. ಮೀನು ಕೊಳ್ಳುವಾಗ ಬೆಲೆ ಆಮೇಲೆ ಕೇಳಿರಿ, ಮೊದಲು “ಇದು ಬೆಳೆದರೆ ಎಷ್ಟಾಗುತ್ತದೆ?” ಎಂದು ಕೇಳಿರಿ. ಉತ್ತರ ಬರದ ಅಂಗಡಿಯಿಂದ ಬರಿಗೈಯಲ್ಲಿ ಬಂದರೂ ನಷ್ಟವಿಲ್ಲ.

ಮೂರಡಿ ತೊಟ್ಟಿ ಇದ್ದವರಿಗೆ ಆಯ್ಕೆ ಹೆಚ್ಚು. ನಮ್ಮ ದೇಶದ್ದೇ ಆದ ರೋಜಿ ಬಾರ್ಬ್ ಚುರುಕು, ಗಟ್ಟಿ, ಟೈಗರಿಗೆ ಸರಿಜೋಡಿ. ತಳಕ್ಕೆ ಪಟ್ಟೆ ಲೋಚ್ ಐದಾರು ಇರಬಹುದು. ಈ ಲೋಚ್ ಬಗ್ಗೆ ಸ್ವಲ್ಪ ನಿಲ್ಲೋಣ, ಯಾಕೆಂದರೆ ಅದು ನಮ್ಮ ನಂಟನೇ. ಮೈತುಂಬ ಸಣ್ಣ ಸಣ್ಣ ಅಡ್ಡಪಟ್ಟೆ, ಬಾಯಿಗೆ ಪುಟ್ಟ ಮೀಸೆ, ಬಸವನಹುಳ ಕಂಡರೆ ಹಬ್ಬ. ಶಿವಮೊಗ್ಗದ ತುಂಗಾ ನದಿಯಲ್ಲಿ ಸಿಕ್ಕ ಇದನ್ನು ‘ಬೋಟಿಯಾ ಸ್ಟ್ರಯಾಟಾ’ ಎಂದು ಹೆಸರಿಟ್ಟು 1920ರಲ್ಲಿ ಲೋಕಕ್ಕೆ ತಿಳಿಸಿದವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದ ಸಿ. ಆರ್. ನಾರಾಯಣರಾವ್. ಮುಂದೆ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರಾದವರೂ ಅವರೇ. ಆ ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ, ನಮ್ಮ ಮುನಿರಾಬಾದಿನ ಅಣೆಕಟ್ಟಿಗೆ ಬರುತ್ತಾಳೆ. ಪಶ್ಚಿಮ ಘಟ್ಟ ಬಿಟ್ಟರೆ ಈ ಮೀನು ಲೋಕದಲ್ಲಿ ಬೇರೆಲ್ಲೂ ಇಲ್ಲ. ಅಳಿವಿನಂಚಿನ ಪಟ್ಟಿಯಲ್ಲಿ ಅದರ ಹೆಸರಿದೆ. ನದಿಯಲ್ಲಿ ಹಿಡಿದು ಮಾರಿದ್ದಾದರೆ ಕೊಳ್ಳಬೇಡಿ. ಸಾಕಣೆ ಕೇಂದ್ರದಲ್ಲಿ ಮರಿ ಮಾಡಿಸಿದ್ದು ಎಂದು ಖಾತ್ರಿಯಾದರೆ ಮಾತ್ರ ತನ್ನಿರಿ. ನನ್ನ ಮಟ್ಟಿಗೆ ಹೇಳುವುದಾದರೆ, ಅದು ಹೊಳೆಯಲ್ಲೇ ಇರಲಿ.

ಏಂಜೆಲ್ಲೇ ಬೇಕು ಎಂದು ಹಟ ಹಿಡಿದ ಮನೆಯಲ್ಲಿ ಟೈಗರ್ ಇರಬಾರದು, ತೊಟ್ಟಿ ಎತ್ತರ ಇರಬೇಕು. ಗಂಡು ಫೈಟರ್ ಒಂಟಿಯಾಗಿಯೇ ಸುಖಿ. ಕೆರೆಯಲ್ಲಿ ಹಿಡಿದ ಕೊರವನ ಮರಿಯನ್ನು ತಂದು ಬಿಡುವ ಹುಡುಗರಿದ್ದಾರೆ. ಬೆಳಿಗ್ಗೆ ಏಳುವಷ್ಟರಲ್ಲಿ ತೊಟ್ಟಿಯಲ್ಲಿ ಅದೊಂದೇ ಇರುತ್ತದೆ, ಹೊಟ್ಟೆ ದಪ್ಪ ಮಾಡಿಕೊಂಡು!

ನೀರಿನ ವಿಷಯಕ್ಕೆ ಬಂದರೆ, ನಮ್ಮ ಕಡೆಯ ಬೋರ್‌ವೆಲ್ ನೀರು ಗಡಸು. ಕಾಯಿಸಿದ ಪಾತ್ರೆಯ ತಳ ನೋಡಿದರೇ ಗೊತ್ತಾಗುತ್ತದೆ. ಗಪ್ಪಿ, ಮಾಲಿಗಳಿಗೆ ಅದು ಹಿತ. ಟೈಗರ್, ಏಂಜೆಲ್‌ಗೆ ಮೆದು ನೀರು ಇಷ್ಟ, ಆದ್ದರಿಂದ ತೀರಾ ಗಡಸಿದ್ದರೆ ಶೇಖರಿಸಿದ ಮಳೆನೀರನ್ನು ಸ್ವಲ್ಪ ಬೆರೆಸಬಹುದು. ನಳದ ನೀರಾದರೆ ಕ್ಲೋರಿನ್ ಹೋಗಲು ಒಂದು ದಿನ ಅಗಲ ಬಾಯಿಯ ಪಾತ್ರೆಯಲ್ಲಿ ತೆರೆದಿಡಿ. ಹೊಸ ತೊಟ್ಟಿಗೆ ಎಲ್ಲ ಮೀನನ್ನೂ ಒಮ್ಮೆಲೇ ಸುರಿಯಬೇಡಿ. ಮೀನಿನ ಹೊಲಸು ಕೊಳೆತು ಅಮೋನಿಯಾ ಎಂಬ ವಿಷವಾಗುತ್ತದೆ. ಅದನ್ನು ಅರಗಿಸುವ ಸೂಕ್ಷ್ಮಜೀವಿಗಳು ಕಲ್ಲು-ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಬೇಸಿಗೆಯಲ್ಲಿ ಇನ್ನೊಂದು ಗಂಡಾಂತರ: ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ. ಕರೆಂಟು ಹೋಗಿ ಪಂಪು ನಿಂತರೆ ಮೀನುಗಳು ಮೇಲೆ ಬಂದು ಬಾಯಿ ಬಡಿಯುತ್ತವೆ. ಆಗ ಅಜ್ಜಂದಿರು ಎದ್ದು ಮಗ್ಗಿನಿಂದ ಅದೇ ನೀರನ್ನು ಮೊಗೆದು ಮೊಗೆದು ಮೇಲಿಂದ ಹುಯ್ಯಬೇಕು. ಮೊಮ್ಮಕ್ಕಳು ಎಣಿಸಲಿ.

ತೊಟ್ಟಿಯ ಅಂದಕ್ಕೆ ನಮ್ಮ ಕಿನ್ನಾಳದ ಗೊಂಬೆಯನ್ನು ಒಳಗಿಡುವ ಆಸೆ ಬೇಡ. ಹುಣಸೆಬೀಜದ ಅಂಟು ನೀರಿನಲ್ಲಿ ನೆನೆದರೆ ಚಿತ್ರಗಾರರ ದುಡಿಮೆಯೂ ಹೋಯಿತು, ಮೀನಿನ ನೀರೂ ಕೆಟ್ಟಿತು. ಗೊಂಬೆ ತೊಟ್ಟಿಯ ಪಕ್ಕದಲ್ಲಿ ನಿಂತು ನೋಡಲಿ.

ಬೇಸರವಾಯಿತೆಂದು, ದೊಡ್ಡದಾಯಿತೆಂದು ಮೀನನ್ನು ಹಿರೇಹಳ್ಳಕ್ಕೋ ಕೆರೆಗೋ ಬಿಟ್ಟು ‘ಪುಣ್ಯ ಬಂತು’ ಎನ್ನಬೇಡಿ. ಹೊರಗಿನ ಮೀನು ಅಲ್ಲಿ ಬದುಕಿಕೊಂಡರೆ ನಮ್ಮ ಮೀನಿನ ಊಟವನ್ನೂ ಮೊಟ್ಟೆಯನ್ನೂ ತಿನ್ನುತ್ತದೆ. ಬೇಡವಾದದ್ದನ್ನು ಅಂಗಡಿಗೆ ಮರಳಿಸಿ, ಇಲ್ಲವೇ ದೊಡ್ಡ ತೊಟ್ಟಿ ಇರುವವರಿಗೆ ಕೊಡಿ.

ಹೊಸಬರನ್ನು ಬಿಡುವ ದಿನ ಹೀಗೆ ಮಾಡಿ. ಚೀಲವನ್ನು ಕಟ್ಟಿದಂತೆಯೇ ಕಾಲು ಗಂಟೆ ತೊಟ್ಟಿಯ ನೀರಿನಲ್ಲಿ ತೇಲಿಸಿ. ಅಷ್ಟರಲ್ಲಿ ಒಳಗಿನ ಕಲ್ಲು-ಗಿಡಗಳ ಜಾಗ ಬದಲಿಸಿ, ಹಳಬರಿಗೆ ‘ಇದು ನನ್ನ ಮೂಲೆ’ ಎಂಬ ಹಕ್ಕು ತಪ್ಪುತ್ತದೆ. ಹಳಬರಿಗೆ ಸ್ವಲ್ಪ ಊಟ ಹಾಕಿ, ದೀಪ ಆರಿಸಿ, ಹೊಸಬರನ್ನು ಬಲೆಯಿಂದ ಮೆಲ್ಲಗೆ ಬಿಡಿ. ಎರಡು ದಿನ ಕಣ್ಣಿಡಿ. ಯಾವುದಾದರೂ ಒಂದು ರೆಕ್ಕೆ ಮುದುಡಿ ಮೂಲೆ ಹಿಡಿದರೆ ಕಾಯಬೇಡಿ, ತೊಟ್ಟಿಯದೇ ನೀರು ತುಂಬಿದ ಬಕೆಟ್ಟಿಗೆ ಅದನ್ನು ಬದಲಿಸಿ.