ಅಂಜನ ಹಾಕಿ ಹಿಡಿದ ಕಳ್ಳ

ಮನೆಯಲ್ಲಿ ಉಂಗುರವೊಂದು ಕಾಣೆಯಾದರೆ ಹಿಂದಿನವರು ಅಂಜನ ಹಾಕಿಸಿ ನೋಡುತ್ತಿದ್ದುದುಂಟು. ವೀಳ್ಯದೆಲೆಯ ಮೇಲೆ ಕಪ್ಪು ಸವರಿ, ಚಿಕ್ಕ ಹುಡುಗನೊಬ್ಬನನ್ನು ಎದುರಿಗೆ ಕೂರಿಸಿ, "ಯಾರು ಕಾಣುತ್ತಾರೆ, ಹೇಳು" ಎಂದು ಕೇಳುವುದು. ಮನೆಯವರು ಮೊದಲೇ ಅನುಮಾನಿಸಿದ್ದ ಮುಖವೇ ಸಾಮಾನ್ಯವಾಗಿ ಆ ಕಪ್ಪಿನಲ್ಲಿ ಹುಡುಗನಿಗೆ ಕಾಣುತ್ತಿದ್ದಿತು. ಉಂಗುರವು ಮರುದಿನ ಅಕ್ಕಿಯ ಡಬ್ಬದಲ್ಲಿ ಸಿಕ್ಕಿದರೂ ಮನೆಗೆಲಸದವಳ ಮೇಲೆ ಬಿದ್ದ ಕಳಂಕ ತೊಳೆದುಹೋಗುತ್ತಿರಲಿಲ್ಲ. ಆ ಅಂಜನವೇ ಈಗ ಹೊಸ ವೇಷದಲ್ಲಿ ಹಿಂದಿರುಗಿದೆ. ಯಂತ್ರದ ಕೈಯಲ್ಲಿ ಕಥೆ ಬರೆಯಿಸಿ ತನ್ನದೆಂದು ಹೇಳಿಕೊಳ್ಳುವವರನ್ನು ಹಿಡಿಯುವುದಕ್ಕೆ ಅದನ್ನು ಬಳಸುತ್ತಿದ್ದಾರೆ.

ಇದು ನಡೆದಿರುವುದು 'ಫ್ಯಾನ್ ಫಿಕ್ಷನ್' ಎಂಬ ಅಭಿಮಾನಿ ಕಥೆಗಳ ಲೋಕದಲ್ಲಿ. ಹೆಸರು ಹೊಸದಾಗಿ ಕೇಳಿಸಿದರೂ ಸಂಗತಿ ಹಳೆಯದೇ. ಧಾರಾವಾಹಿ ಮುಗಿದ ವಾರ, "ಅಯ್ಯೋ, ಆ ಹುಡುಗಿಯ ಗತಿ ಮುಂದೇನಾಯಿತೋ!" ಎಂದು ಊಟದ ಎಲೆಯ ಮುಂದೆ ಚರ್ಚಿಸುವ ಓದುಗರನ್ನು ನಾವೆಲ್ಲರೂ ಬಲ್ಲೆವು. ಅಂಥವರಲ್ಲೊಬ್ಬರು ಸುಮ್ಮನಿರಲಾರದೆ ಲೇಖನಿ ಹಿಡಿದು, ಬೇರೊಬ್ಬರು ಸೃಷ್ಟಿಸಿದ ಪಾತ್ರಗಳಿಗೆ ಮುಂದಿನ ಬಾಳನ್ನು ಕಲ್ಪಿಸಿದರೆ ಅದು ಅಭಿಮಾನಿ ಕಥೆಯಾಗುತ್ತದೆ. ಅಮೆರಿಕದಲ್ಲಿ 'ಸ್ಟಾರ್ ಟ್ರೆಕ್' ಎಂಬ ಟೆಲಿವಿಷನ್ ಧಾರಾವಾಹಿಯ ಅಭಿಮಾನಿಗಳು ೧೯೬೭ರಷ್ಟು ಹಿಂದೆಯೇ 'ಸ್ಪಾಕನೇಲಿಯ' ಎಂಬ ತಮ್ಮದೇ ಪತ್ರಿಕೆಯನ್ನು ಹೊರಡಿಸಿದ್ದರು. ಇಂದು 'ಆರ್ಕೈವ್ ಆಫ್ ಅವರ್ ಓನ್' ಎಂಬ ಅಂತರಜಾಲ ಭಂಡಾರವೊಂದರಲ್ಲಿಯೇ ಇಂಥ ಕೃತಿಗಳು ಒಂದು ಕೋಟಿಗೂ ಮಿಕ್ಕಿವೆ. ೨೦೦೯ರಲ್ಲಿ ಬಾಗಿಲು ತೆರೆದ ಈ ಭಂಡಾರವನ್ನು ಸ್ವಯಂಸೇವಕರು ನಡೆಸುತ್ತಾರೆ. ಅಲ್ಲಿ ಜಾಹೀರಾತಿಲ್ಲ, ಓದುವುದಕ್ಕೆ ಶುಲ್ಕವಿಲ್ಲ, ಬರೆದವರಿಗೆ ಕಾಸೂ ಇಲ್ಲ. ಆದರೂ ೨೦೧೯ರಲ್ಲಿ ಅದಕ್ಕೆ ವಿಜ್ಞಾನಸಾಹಿತ್ಯದ ಪ್ರತಿಷ್ಠಿತ ಹ್ಯೂಗೋ ಪ್ರಶಸ್ತಿ ಲಭಿಸಿತು.

ಕಾಸಿಲ್ಲದ ಮೇಲೆ ಬರೆಯುವವರಿಗೆ ದೊರೆಯುವುದಾದರೂ ಏನು? ಓದಿದವರ ನಾಲ್ಕು ಮಾತು, ಅಷ್ಟೆ. ಒಬ್ಬರು ನಿದ್ದೆಗೆಟ್ಟು ಅಧ್ಯಾಯ ಬರೆದರೆ ಇನ್ನೊಬ್ಬರು ಮನಸ್ಸಿಟ್ಟು ಓದಿ ತಮಗೆ ಹಿಡಿಸಿದ ಸಾಲನ್ನು ಹೇಳುತ್ತಾರೆ. ಮನೆಯಿಂದ ಮನೆಗೆ ಹೋಗುವ ಎಳ್ಳು ಬೆಲ್ಲದಂತೆ ಇದು ವಿಶ್ವಾಸದ ವಿನಿಮಯ. ೨೦೨೨ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ವಿಶ್ವಾಸಕ್ಕೆ ಧಕ್ಕೆ ತಗುಲಿತು. ಕೇಳಿದ ಕ್ಷಣದಲ್ಲಿ ಹತ್ತು ಪುಟ ಸುರಿಯುವ ಯಂತ್ರ ಎಲ್ಲರ ಕೈಗೂ ಬಂದಿತು. ತಾವು ಆದರದಿಂದ ಬರೆದ ಮೆಚ್ಚುಗೆಯ ಮಾತು ಯಾರ ಹೃದಯವನ್ನೂ ಮುಟ್ಟಲೇ ಇಲ್ಲವೆಂದು ತಿಳಿದಾಗ ಓದುಗರಿಗೆ ನೋವಾಗುವುದು ಸಹಜ. ಆ ನೋವನ್ನು ಅಲ್ಲಗಳೆಯುವಂತಿಲ್ಲ. ಯಂತ್ರದ ಬರಹಕ್ಕೆ ತನ್ನ ನಿಯಮಗಳಲ್ಲಿ ನಿಷೇಧವಿಲ್ಲವೆಂದು ಭಂಡಾರವೇ ೨೦೨೩ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿತು. ಹೀಗಾಗಿ ಕಾವಲಿನ ಕೆಲಸವನ್ನು ಓದುಗರು ತಾವಾಗಿಯೇ ವಹಿಸಿಕೊಂಡರು.

ಈ ಕಾವಲುಗಾರರು ಕೆಲವು ಕುರುಹುಗಳನ್ನು ಗೊತ್ತುಮಾಡಿಕೊಂಡಿದ್ದಾರೆ. ವಾಕ್ಯದ ನಡುವೆ ಉದ್ದನೆಯ ಗೆರೆ ಬಂದರೆ ಅನುಮಾನ. ವಿಶೇಷಣಗಳು ಮೂರು ಮೂರಾಗಿ ಸಾಲುಗಟ್ಟಿದರೆ ಅನುಮಾನ. "ಅದು ಬರಿಯ ಮಳೆಯಲ್ಲ, ಆಕಾಶದ ಅಳಲು" ಎಂಬ ಧಾಟಿಯ ಮಾತು ಕಂಡರೆ ಅನುಮಾನ. ಪ್ರತಿಯೊಂದು ಪರಿಚ್ಛೇದವೂ ಸುಭಾಷಿತದಲ್ಲಿ ಮುಗಿದರಂತೂ ಅನುಮಾನವೇ ಉಳಿಯುವುದಿಲ್ಲ! ಈ ಕುರುಹುಗಳು ಯಂತ್ರದ ಬರಹದಲ್ಲಿ ಹೆಚ್ಚಾಗಿರುವುದು ನಿಜವೇ. ಆದರೆ ಯಂತ್ರ ಅವನ್ನು ಎಲ್ಲಿಂದ ತಂದಿತು? ಎಮಿಲಿ ಡಿಕಿನ್‌ಸನ್ ಎಂಬ ಕವಯಿತ್ರಿಯ ಹಸ್ತಪ್ರತಿಗಳು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಆ ಗೆರೆಗಳಿಂದ ತುಂಬಿದ್ದುವು. ಮೂರರ ಲಯವನ್ನು ಭಾಷಣಕಾರರು ಬಲು ಹಿಂದಿನಿಂದಲೂ ಬಲ್ಲರು. ಪರಿಚ್ಛೇದದ ಕೊನೆಗೆ ಸುಭಾಷಿತವಿಡುವ ಚಪಲದಿಂದ ನಮ್ಮಂಥ ಅಧ್ಯಾಪಕರೂ ಪಾರಾದವರಲ್ಲ.

ಯಂತ್ರಕ್ಕೆ ಈ ಚಾಳಿಗಳನ್ನು ಕಲಿಸಿದವರು ಮನುಷ್ಯರೇ. ಅವರಲ್ಲಿ ಈ ಅಭಿಮಾನಿ ಲೇಖಕರೂ ಸೇರಿದ್ದಾರೆ. ಅಂತರಜಾಲದ ಬರಹವನ್ನೆಲ್ಲ ಬಾಚಿ ಸಂಗ್ರಹಿಸುವ 'ಕಾಮನ್ ಕ್ರಾಲ್' ಎಂಬ ವ್ಯವಸ್ಥೆಗೆ ಭಂಡಾರವು ತನ್ನ ಬಾಗಿಲನ್ನು ಮುಚ್ಚಿದ್ದು ೨೦೨೨ರ ಡಿಸೆಂಬರಿನಲ್ಲಿ. ಅಷ್ಟರೊಳಗೆ ಹೊರಗೆ ಹೋದದ್ದು ಹೋಗಿತ್ತು. ೨೦೨೫ರಲ್ಲಿ ಯಾರೋ ಅಲ್ಲಿಯ ೧ ಕೋಟಿ ೨೬ ಲಕ್ಷದಷ್ಟು ಕೃತಿಗಳನ್ನು ಲೇಖಕರ ಅನುಮತಿಯಿಲ್ಲದೆ ಒಟ್ಟುಗೂಡಿಸಿ, ಯಂತ್ರಗಳಿಗೆ ಪಾಠವಾಗಲೆಂದು ಬೇರೆಡೆ ಇಟ್ಟರು. ಭಂಡಾರದವರು ಆಕ್ಷೇಪಣೆ ಸಲ್ಲಿಸಬೇಕಾಯಿತು. ಮೊದಲು ಅವರ ಬರಹವನ್ನು ಹೊತ್ತೊಯ್ದುದಾಯಿತು. ಈಗ, ಅವರು ಯಂತ್ರದಂತೆ ಬರೆಯುತ್ತಾರೆಂಬ ದೂರು! ಮಗನ ಮೂಗಿನಂಥ ಮೂಗಿದೆಯೆಂದು ತಂದೆಯ ಕೈಗೆ ಕೋಳ ತೊಡಿಸಿದಂತಾಯಿತಲ್ಲವೆ?

ಹಾಗಾದರೆ ಯಂತ್ರವನ್ನು ಹಿಡಿಯುವುದಕ್ಕೆ ಇನ್ನೊಂದು ಯಂತ್ರವನ್ನೇ ಬಿಟ್ಟರಾಯಿತು ಎಂದು ಕೆಲವರು ಹೇಳಿಯಾರು. ಚಾಟ್‌ಜಿಪಿಟಿಯನ್ನು ತಯಾರಿಸಿದ ಓಪನ್ಎಐ ಸಂಸ್ಥೆಯೇ ೨೦೨೩ರ ಜನವರಿಯಲ್ಲಿ ಅಂಥದೊಂದು ಪತ್ತೆಯಂತ್ರವನ್ನು ಹೊರತಂದಿತು. ಸಂಸ್ಥೆಯೇ ಕೊಟ್ಟ ಲೆಕ್ಕದಂತೆ, ಅದು ಯಂತ್ರದ ಬರಹಗಳಲ್ಲಿ ನೂರಕ್ಕೆ ೨೬ನ್ನು ಮಾತ್ರ ಗುರುತಿಸುತ್ತಿತ್ತು; ಮನುಷ್ಯರ ಬರಹಗಳಲ್ಲಿ ನೂರಕ್ಕೆ ೯ನ್ನು ಯಂತ್ರದ್ದೆಂದು ತಪ್ಪಾಗಿ ಸಾರುತ್ತಿತ್ತು. ಒಂಬತ್ತೇ ತಾನೆ ಎನ್ನಬೇಡಿ. ಸಾವಿರ ಕಥೆಗಳಲ್ಲಿ ನೂರು ಯಂತ್ರದವೆಂದಿಟ್ಟುಕೊಳ್ಳಿ. ಆ ನೂರರಲ್ಲಿ ಸಿಕ್ಕಿಬೀಳುವುವು ೨೬. ಉಳಿದ ಒಂಬೈನೂರರಲ್ಲಿ ಅಪವಾದಕ್ಕೆ ಗುರಿಯಾಗುವುವು ೮೧. ಎಂದರೆ ಕಟಕಟೆ ಹತ್ತಿದ ೧೦೭ ಮಂದಿಯಲ್ಲಿ ನಾಲ್ವರಿಗೆ ಮೂವರು ನಿರಪರಾಧಿಗಳು! ಆ ವರ್ಷ ಜುಲೈ ತಿಂಗಳಲ್ಲಿ, ನಿಖರತೆ ಸಾಲದೆಂದು ಸಂಸ್ಥೆ ಅದನ್ನು ಹಿಂದಕ್ಕೆ ಪಡೆಯಿತು. ಆಮೇಲೆ ಬಂದ ಪತ್ತೆಯಂತ್ರಗಳು ಹೆಚ್ಚು ನಿಪುಣವಾಗಿರಬಹುದು; ಆದರೆ ಸಾಚಾ ಜನ ಹೆಚ್ಚಾಗಿರುವ ಕಡೆ ಸಣ್ಣ ತಪ್ಪೂ ಬಹಳ ಮಂದಿಯನ್ನು ಬಲಿ ತೆಗೆದುಕೊಳ್ಳುತ್ತದೆ ಎಂಬ ಲೆಕ್ಕ ಬದಲಾಗದು.

ಬಲಿಯಾಗುವವರಲ್ಲಿ ನಮ್ಮ ಮಕ್ಕಳೇ ಮುಂದಿರುವ ಸಂಭವವುಂಟು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೨೩ರಲ್ಲಿ ಏಳು ಪತ್ತೆಯಂತ್ರಗಳನ್ನು ಪರೀಕ್ಷಿಸಿದರು. ಇಂಗ್ಲಿಷ್ ಮಾತೃಭಾಷೆಯಲ್ಲದವರು 'ಟೋಫೆಲ್' ಪರೀಕ್ಷೆಗಾಗಿ ಬರೆದ ೯೧ ಪ್ರಬಂಧಗಳನ್ನು ಅವುಗಳ ಮುಂದಿಟ್ಟಾಗ, ಸರಾಸರಿ ನೂರಕ್ಕೆ ೬೧ಕ್ಕೂ ಹೆಚ್ಚನ್ನು ಅವು ಯಂತ್ರದ ಕೃತಿಗಳೆಂದುವು. ಅಮೆರಿಕದ ಶಾಲಾಮಕ್ಕಳ ಪ್ರಬಂಧಗಳ ವಿಷಯದಲ್ಲಿ ಮಾತ್ರ ಹೆಚ್ಚು ಎಡವಲಿಲ್ಲ. ಕಾರಣ ಸರಳ. ಒಂದು ಪದದ ಮುಂದೆ ಯಾವ ಪದ ಬರುವುದೆಂದು ಸುಲಭವಾಗಿ ಊಹಿಸಬಹುದಾದರೆ ಅದು ಯಂತ್ರದ್ದೆಂದು ಈ ಸಾಧನಗಳು ಬಗೆಯುತ್ತವೆ. ಕಲಿತ ಭಾಷೆಯಲ್ಲಿ ಬರೆಯುವವರು ತಪ್ಪಿಗೆ ಹೆದರಿ, ಶಾಲೆಯಲ್ಲಿ ಕಲಿಸಿದ ನಾಡಾಡಿ ಪದಗಳನ್ನೇ ಆರಿಸಿಕೊಳ್ಳುತ್ತಾರೆ. ಮಲ್ಲೇಶ್ವರದ ಮನೆಯೊಂದರಲ್ಲಿ ಕುಳಿತು ಹ್ಯಾರಿ ಪಾಟರನ ಕಥೆಯನ್ನು ಇಂಗ್ಲಿಷಿನಲ್ಲಿ ಮುಂದುವರಿಸುವ ಹುಡುಗಿ ಎಚ್ಚರಿಕೆಯಿಂದ ತಿದ್ದಿ ತೀಡಿದಷ್ಟೂ ಅನುಮಾನಕ್ಕೆ ಹತ್ತಿರವಾಗುತ್ತಾಳೆ!

ಹೀಗೆ ಬಂದ ಅಪವಾದಕ್ಕೆ ಉತ್ತರ ಕೊಡುವುದು ಕಷ್ಟ. "ನಾನೇ ಬರೆದೆ" ಎಂದರೆ ನಂಬುವವರಿಲ್ಲ, ಮೌನವಾಗಿದ್ದರೆ ಒಪ್ಪಿಕೊಂಡಂತೆ. ಕೆಲವರು ತಮಗೆ ಪ್ರಿಯವಾದ ಗೆರೆಯನ್ನು ಬಿಟ್ಟುಬಿಟ್ಟಿದ್ದಾರೆ. ತಮ್ಮದೆಂದು ತೋರಿಸಿಕೊಳ್ಳುವುದಕ್ಕಾಗಿ ತಮ್ಮತನವನ್ನೇ ಕಳೆದುಕೊಳ್ಳಬೇಕಾಗಿ ಬಂದರೆ ಅದಕ್ಕಿಂತ ವಿಪರ್ಯಾಸ ಬೇರೆ ಬೇಕೆ? ಇನ್ನು ಕೆಲವರು ಬರೆಯುವುದನ್ನೇ ನಿಲ್ಲಿಸಿಬಿಟ್ಟರೆ ಆ ನಷ್ಟವನ್ನು ಯಾವ ಯಂತ್ರವೂ ತುಂಬಿಕೊಡಲಾರದು.

ಕನ್ನಡ ಸಾಹಿತ್ಯವನ್ನು ಅಭ್ಯಾಸ ಮಾಡಿದವರಿಗೆ ಇಂಥ ತೊಡಕು ಅಪರಿಚಿತವೇನಲ್ಲ. ಬಸವಣ್ಣನವರ ಅಂಕಿತವಾದ 'ಕೂಡಲಸಂಗಮದೇವ' ಎಂಬುದನ್ನು ಕೊನೆಯಲ್ಲಿಟ್ಟು ನಂತರದವರು ಕಟ್ಟಿದ ಪ್ರಕ್ಷಿಪ್ತ ವಚನಗಳೂ ಇವೆ. ಅಂಕಿತವನ್ನು ನೋಡಿ ನಂಬಿದರೆ ಮೋಸಹೋಗುತ್ತೇವೆ. "ಧ್ವನಿ ಅವರದಲ್ಲ" ಎಂದು ಬರಿಯ ಕಿವಿಯನ್ನೇ ನೆಚ್ಚಿದರೂ ಅನ್ಯಾಯವಾಗಬಹುದು. ಆದುದರಿಂದಲೇ ವಿದ್ವಾಂಸರು ಆ ವಚನ ಯಾವ ಓಲೆಯ ಪ್ರತಿಯಲ್ಲಿದೆ, ಎಷ್ಟು ಹಳೆಯ ಸಂಕಲನದಲ್ಲಿದೆ, ಕಾಲಕ್ಕೆ ಸಲ್ಲದ ಮಾತು ಅದರಲ್ಲಿದೆಯೆ ಎಂದು ಅದರ ಪೂರ್ವಚರಿತ್ರೆಯನ್ನು ವಿಚಾರಿಸುತ್ತಾರೆ. ಉತ್ತರಪತ್ರಿಕೆ ತಿದ್ದುವ ಅಧ್ಯಾಪಕರ ಅನುಭವವೂ ಇದೇ. ಗೈಡಿನಿಂದ ಇಳಿಸಿದ್ದೋ ಸ್ವಂತದ್ದೋ ಎಂಬ ಅನುಮಾನ ಬಂದಾಗ ಹುಡುಗನನ್ನು ಹತ್ತಿರ ಕರೆದು, "ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಪ್ಪ" ಎಂದರೆ ಎರಡು ನಿಮಿಷದಲ್ಲಿ ತಿಳಿದುಹೋಗುತ್ತದೆ.

ಅಭಿಮಾನಿ ಕಥೆಗಳ ವಲಯದಲ್ಲಿಯೂ ಇದಕ್ಕೆ ದಾರಿಯಿದೆ. ಪ್ರಕಟಣೆಗೆ ಮೊದಲು ಕರಡನ್ನು ಓದಿ ತಿದ್ದಿಕೊಡುವ ಗೆಳೆಯರಿಗೆ ಅಲ್ಲಿ 'ಬೀಟಾ ರೀಡರ್' ಎನ್ನುತ್ತಾರೆ. ಅವರು ಬರಹ ಬೆಳೆದುದನ್ನು ಕಣ್ಣಾರೆ ಕಂಡವರು. ತಿಂಗಳುಗಟ್ಟಲೆ ಅಧ್ಯಾಯ ಅಧ್ಯಾಯವಾಗಿ ಬರೆದವರೊಡನೆ ಆ ಪಾತ್ರದ ಬಗ್ಗೆ ಮಾತಿಗಿಳಿದರೆ, ಪ್ರೀತಿಯಿಂದ ಬರೆದವರು ಬಾಯಿ ಮುಚ್ಚುವುದೇ ಇಲ್ಲ. ಯಂತ್ರದ ನೆರವು ಪಡೆದವರು ಅದನ್ನು ಕಥೆಯ ಮೊದಲಲ್ಲಿಯೇ ತಿಳಿಸಿದರೆ ಜಗಳಕ್ಕೆ ಅವಕಾಶವಿಲ್ಲ. ಓದುಗನಿಗೆ ಬೇಕಾದರೆ ಓದುತ್ತಾನೆ, ಬೇಡವಾದರೆ ಬಿಡುತ್ತಾನೆ. ಯಂತ್ರಕ್ಕೆ ಕೊಟ್ಟ ಸೂಚನೆಯೋ ಅದು ಮರಳಿ ಹೇಳಿದ ಉಪಚಾರದ ಮಾತೋ ಕಥೆಯೊಳಗೆ ಹಾಗೆಯೇ ಉಳಿದುಬಿಟ್ಟಿದ್ದರೆ, ಅದೊಂದು ಸಾಕ್ಷ್ಯ, ಒಪ್ಪೋಣ. ಗೆರೆಯಾಗಲಿ ವಿಶೇಷಣಗಳಾಗಲಿ ಸಾಕ್ಷ್ಯವಾಗಲಾರವು.

ಇಲ್ಲಿ ಎರಡು ಬಗೆಯ ತಪ್ಪುಗಳು ಸಾಧ್ಯ, ಅವುಗಳ ತೂಕ ಒಂದೇ ಅಲ್ಲ. ಯಂತ್ರದ ಕಥೆಯನ್ನು ಮನುಷ್ಯನದೆಂದು ನಂಬಿ ಹೊಗಳಿದರೆ ನಮ್ಮ ಒಂದು ಗಂಟೆ ವ್ಯರ್ಥವಾದೀತು, ಮನಸ್ಸಿಗೆ ಸ್ವಲ್ಪ ಕಹಿಯಾದೀತು. ಮನುಷ್ಯನ ಕಥೆಯನ್ನು ಯಂತ್ರದ್ದೆಂದು ನಾಲ್ಕು ಜನರೆದುರು ಹಳಿದರೆ ಈಗತಾನೆ ಕಣ್ಣುಬಿಡುತ್ತಿರುವ ಲೇಖಕನೊಬ್ಬನನ್ನೇ ಕಳೆದುಕೊಂಡೇವು. ಆಧಾರವಿಲ್ಲದ ಅನುಮಾನ ಬಂದಾಗ ಪುಟ ಮಗುಚಿ ಸುಮ್ಮನಾಗುವ ಸ್ವಾತಂತ್ರ್ಯ ಓದುಗನಿಗೆ ಇದ್ದೇ ಇದೆ. ನಿಮ್ಮ ಮನೆಯಲ್ಲಿಯೂ ರಾತ್ರಿ ದೀಪವಾರಿಸದೆ ಏನನ್ನೋ ಬರೆಯುತ್ತ ಕುಳಿತ ಮಗಳೊಬ್ಬಳು ಇದ್ದಾಳು. ನಾಚುತ್ತ ತಂದು ತೋರಿಸಿದಾಗ, "ಇದನ್ನು ನೀನೇ ಬರೆದೆಯಾ?" ಎಂದು ಕೇಳುವ ಮುನ್ನ, "ಮುಂದೇನಾಯಿತಮ್ಮ?" ಎಂದು ಕೇಳಿ. ತನ್ನ ಕೈಯಿಂದಲೇ ಬರೆದಿದ್ದರೆ, ಅವಳು ಅಡಿಗೆ ಆರುವವರೆಗೂ ಹೇಳುತ್ತಾಳೆ.